ಎದ್ದು ನಿಂತವರು

“ಕೋರ್ಟಂತೆ ಕೋರ್ಟು. ನಿನ್ ತಮ್ಮ ಕದ್ದ ಮಾಲು ತಗೊಂಡಿದ್ದಕ್ಕೆ ನನ್ ಕೋಳಿ ಕೊಳೀಬೇಕೇನೇ, ಬೋಳಿ? ಹೋಗು. ಇವತ್ತಿನ ಸಂಬಳ ಕೇಳ್ಬೇಡ.”

ಮೇಸ್ತ್ರಿ ಡಾಯ್ಲ್ ಹೀಗೆ ಉಗಿಯುವಾಗಲೂ ನನ್ನ ಚೂರಿ ನಿಂತಿರಲಿಲ್ಲ. ಕೋಳಿ ಕಾರ್ಖಾನೆಯಲ್ಲಿ ಬೈಗುಳಕ್ಕೆಂದು ಕೋಳಿ ಹೊತ್ತು ಸಾಗುವ ಬೆಲ್ಟು ನಿಲ್ಲುವುದಿಲ್ಲ. ತೊಡೆ ಬಿಡಿಸುತ್ತಲೇ ಕೇಳಿಸಿಕೊಳ್ಳಬೇಕು. ನನ್ನ ಪಕ್ಕ ತಮ್ಮ ಲೆವಾನ್ ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು.

ಅವನು ಮಾಡಿದ್ದಿಷ್ಟು. ಯಾವನೋ ಅಗ್ಗಕ್ಕೆ ಕೊಟ್ಟನೆಂದು ಹುಲ್ಲು ಕತ್ತರಿಸುವ ಯಂತ್ರ ಕೊಂಡ, ಮೇಲೆ ಕೂತು ಓಡಿಸುವಂಥದ್ದು. ನಮ್ಮ ಕರಿಯರ ಚರ್ಚಿನ ಸ್ಮಶಾನವನ್ನೆಲ್ಲ ಅದರಲ್ಲಿ ಬಿಟ್ಟಿಯಾಗಿ ಹಸನು ಮಾಡಿದ. ಯಂತ್ರ ಕದ್ದದ್ದಾಗಿತ್ತು, ಪೊಲೀಸರು ಅವನನ್ನೇ ಹಿಡಿದರು. ಅವನ ಮೇಲೆ ಮೊದಲೇ ಒಂದು ಕೇಸಿತ್ತು. ಹತ್ತೊಂಬತ್ತರ ಹುಡುಗನಾಗಿದ್ದಾಗ, ಅಂಗಡಿ ಒಡೆದ ಗೆಳೆಯರ ಕಾರಿನಲ್ಲಿ ಕೂತಿದ್ದ. ತಪ್ಪು ಒಪ್ಪಿಕೋ, ಇವತ್ತೇ ಮನೆಗೆ ಹೋಗುತ್ತೀಯ ಎಂದಿದ್ದ ಸರ್ಕಾರ ಕೊಟ್ಟ ವಕೀಲ. ಒಪ್ಪಿಕೊಂಡು ಬಂದ. ನಾನೇ ಖುಷಿಯಲ್ಲಿ ಮೀನು ಹುರಿದು, ಮುಸುಕಿನ ಜೋಳದ ಬ್ರೆಡ್ಡು ಮಾಡಿ ಬಡಿಸಿದ್ದೆ. ಆ ಒಂದು ‘ಹೂಂ’ ಈಗ ಕೊರಳಿಗೆ ಸುತ್ತಿಕೊಂಡಿತು.

ನಮ್ಮೂರ ಕೋರ್ಟಿನಲ್ಲಿ ಒಂದು ವಾಡಿಕೆಯಿತ್ತು. ಇವನ ಪರವಾಗಿ ಯಾರು ನಿಲ್ಲುತ್ತೀರಿ ಎಂದು ಜಡ್ಜ್ ಪ್ರಿಚರ್ಡ್ ಕೇಳುತ್ತಿದ್ದರು. ಚರ್ಚಿನವರೆಲ್ಲ ಏಳುತ್ತಿದ್ದೆವು. ಜೈಲಿನ ಬದಲು ಪ್ರೊಬೇಷನ್ ಸಿಗುತ್ತಿತ್ತು: ಮನೆಯಲ್ಲಿರು, ದುಡಿ, ಅಧಿಕಾರಿ ಕರೆದಾಗ ಮುಖ ತೋರಿಸು. ಈ ಚಳಿಗಾಲ ನಮ್ಮ ರಾಜ್ಯದ ಶಾಸಕರು ಹೊಸ ಕಾನೂನು ತಂದರು. ದೊಡ್ಡ ಅಪರಾಧ ಎರಡನೇ ಸಲವಾದರೆ ಪ್ರೊಬೇಷನ್ ಇಲ್ಲವೇ ಇಲ್ಲ. ಲೆವಾನನ ಎರಡು ಕೇಸೂ ಆ ಲೆಕ್ಕಕ್ಕೇ ಬಿದ್ದವು. ಗೊತ್ತಿದ್ದೂ ತೀರ್ಪಿನ ದಿನ ಭಾನುವಾರದ ಟೋಪಿ ಹಾಕಿಕೊಂಡು ಚರ್ಚಿನ ವ್ಯಾನು ಹತ್ತಿದೆವು. ಆಸೆಗೆಲ್ಲಿಯ ನಾಚಿಕೆ.

ಜಡ್ಜ್ ಯಾರನ್ನೂ ಕೇಳಲಿಲ್ಲ. ತಲೆ ಎತ್ತದೆ ಐದು ವರ್ಷ ಎಂದರು. ಚರ್ಚಿನ ಹಿರಿಯಳು ಓಝೆಲ್ಲಜ್ಜಿ ಕೋಲೂರಿಕೊಂಡು ಎದ್ದಳು. ಅವಳ ಹಿಂದೆ ನಾವೆಲ್ಲ ಎದ್ದೆವು.

“ಕೂತ್ಕೊಳ್ಳಮ್ಮ. ಕಾನೂನು ನನ್ನ ಕೈ ಕಟ್ಟಿಹಾಕಿದೆ.”

“ಬೇಡಿ ಬಿದ್ದಿರೋದು ಅವನ ಕೈಗೆ ಸ್ವಾಮಿ,” ಅಂದಳು ಅಜ್ಜಿ. “ನಿಮ್ ಕೈಲಿ ಪೆನ್ನದೆ.”

ನಮ್ಮನ್ನು ಹೊರಗೆ ದಬ್ಬಿದರು. ಮೆಟ್ಟಿಲ ಮೇಲೆ ಅಜ್ಜಿಯ ಟೋಪಿ ಬಿತ್ತು. ಪೊಲೀಸಿನವನೊಬ್ಬ ಅದನ್ನು ತುಳಿದುಕೊಂಡೇ ಹೋದ. ನಾನು ಅದನ್ನೆತ್ತಿ ಧೂಳು ಕೊಡವಿದೆ, ಅಷ್ಟೆ.

ಸೆಖೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಜೈಲಿನ ವ್ಯಾನು ಕಾರ್ಖಾನೆಯ ಗೇಟಿಗೆ ಬಂತು. ಜೈಲು ಕೂಲಿಗೆ ಕಳಿಸಿದ ಬಿಳಿ ಸಮವಸ್ತ್ರದ ಖೈದಿಗಳು ಇಳಿದರು. ಅವರ ಕೂಲಿಯ ಡಾಲರುಗಳಲ್ಲಿ ಹೆಚ್ಚಿನವು ಜೈಲಿಗೇ ಹೋಗುತ್ತವಂತೆ. ಅವರಲ್ಲಿ ಲೆವಾನ್ ಇದ್ದ, ಸೊರಗಿ ಅರ್ಧವಾಗಿದ್ದ. ಮನೆಯಲ್ಲಿ ಬಿಟ್ಟರೆ ಅಪಾಯ ಎಂದು ಕಾನೂನು ಯಾರನ್ನು ಒಳಗೆ ಹಾಕಿತೋ ಅವನ ಕೈಗೇ ಡಾಯ್ಲ್ ಉದ್ದನೆಯ ಚೂರಿ ಕೊಟ್ಟ. ನಿಲ್ಲಿಸಿದ್ದೂ ಅದೇ ಹಳೆಯ ಜಾಗದಲ್ಲಿ.

ಖೈದಿಗಳೊಂದಿಗೆ ಮಾತಾಡುವಂತಿಲ್ಲ ಎಂದು ಎಲ್ಲರಿಗೂ ಹೇಳಿ, ನನ್ನ ಹತ್ತಿರ ಬಂದು ನಕ್ಕ.

“ತಮ್ಮ ಬೇಕು, ತಮ್ಮ ಬೇಕು ಅಂತಿದ್ಯಲ್ಲೇ. ತಂದ್ಕೊಟ್ಟಿದೀನಿ ನೋಡು, ಅಗ್ಗಕ್ಕೆ.”

ನಾನು ಚೂರಿ ಕೆಳಗಿಟ್ಟೆ.

“ಲೆವಾನ್,” ಅಂದೆ, ಎಲ್ಲರಿಗೂ ಕೇಳುವಂತೆ. “ಅಮ್ಮನ ಗೋರಿ ಮೇಲೆ ಹುಲ್ಲು ಮೊಣಕಾಲುದ್ದ ಬಂದದೆ ಕಣೋ.”

ಎದುರಿಗೆ ಕ್ಲಾರಿಸ್ ಇದ್ದಳು, ಕೋರ್ಟಿಗೆ ಬಂದಿದ್ದವಳು. ಅವಳೂ ಚೂರಿ ಇಟ್ಟಳು. ಆಮೇಲೆ ಅವಳ ಪಕ್ಕದವಳು. ನೋಡನೋಡುತ್ತ ಸಾಲಿಗೆ ಸಾಲೇ ಕೈಕಟ್ಟಿ ನಿಂತಿತು. ಬೆಲ್ಟಿನ ತುದಿಯಿಂದ ಕೋಳಿಗಳು ದೊಪದೊಪ ನೆಲಕ್ಕೆ ಬಿದ್ದವು. ಡಾಯ್ಲ್ ನಮ್ಮ ತಾಯಂದಿರನ್ನೆಲ್ಲ ಎಳೆತಂದು ಬೈಯುತ್ತಿದ್ದ.

ಲೆವಾನ್ ಮಾತ್ರ ಬಗ್ಗಿದ ತಲೆ ಎತ್ತಲಿಲ್ಲ.

“ನಾನು ನಿಲ್ಸಂಗಿಲ್ಲಕ್ಕ,” ಅಂದ, ತುಟಿ ಅಲ್ಲಾಡಿಸದೆ. “ಇನ್ನೊಂದು ತಪ್ಪು ಅಂತ ಬರ್ಕೋತಾರೆ.”

ನಾವಷ್ಟೂ ಜನ ನಿಂತಿದ್ದೆವು. ಅವನೊಬ್ಬ ಕತ್ತರಿಸುತ್ತಲೇ ಇದ್ದ, ನಾನು ಬಿಟ್ಟ ಕೋಳಿಗಳನ್ನೂ.