ಆಲ್ಡರ್ ಪೊದೆಯಲ್ಲಿ ಬಿಟ್ಟುಬಂದ ಕೋವಿ

ಕರಡಿಯ ಹೆದರಿಕೆ ನನಗೆ ಹೊಸದಲ್ಲ. ದೈತ್ಯ ಕಂದು ಕರಡಿಗಳಿರುವ ಕೋಡಿಯಾಕ್ ದ್ವೀಪದಲ್ಲಿ ಹುಟ್ಟಿದವರಿಗೆ ಅದು ತಾಯಿಯ ಹಾಲಿನ ಜೊತೆಗೇ ಇಳಿದಿರುತ್ತದೆ. ಆದರೆ ಆ ನವೆಂಬರಿನ ಮಧ್ಯಾಹ್ನದ ಭಯವೇ ಬೇರೆ. ಅವತ್ತು ನನ್ನ ಕೈಯಲ್ಲಿ ಕೋವಿಯಿತ್ತು, ಇದ್ದೂ ಬರಿಗೈ.

ಆ ಕೋವಿ ಕೊಳ್ಳುವಾಗಲೇ ಅಂಗಡಿಯಲ್ಲಿ ನನಗೂ ಅಣ್ಣ ಲಾರಿಯನ್‌ಗೂ ಜಟಾಪಟಿ ನಡೆದಿತ್ತು. ಅಂಗಡಿಯವಳು ಒಂದೇ ಅಳತೆಯ ಎರಡು ಕೋವಿಗಳನ್ನು ಮುಂದಿಟ್ಟಿದ್ದಳು. ಒಂದು ನೀಲಿಗಪ್ಪು ಮೆರುಗಿನ ಉಕ್ಕಿನದು, ಅಣ್ಣ ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದಂಥದು. ಇನ್ನೊಂದು ಸ್ಟೇನ್‌ಲೆಸ್ ಸ್ಟೀಲಿನದು.

"ಇದೇನು ಕೋವಿನೋ, ಸಾರಿನ ಸೌಟೋ?" ಎಂದ ಅಣ್ಣ. "ಇದನ್ನ ಹೊತ್ಕೊಂಡು ಗುಡ್ಡ ಹತ್ತಿದ್ರೆ ಜಿಂಕೆಗಳು ಮುಖ ನೋಡ್ಕೊಂಡು ತಲೆ ಬಾಚ್ಕೋತವೆ, ಗ್ರೂನ್ಯಾ."

"ನಿನ್ನ ಹಾಗೆ ದಿನಾ ಸಂಜೆ ಎಣ್ಣೆ ತಿಕ್ಕಿ ಮುದ್ದು ಮಾಡೋಕೆ ನಂಗೆ ಪುರುಸೊತ್ತಿಲ್ಲಪ್ಪ. ಶಾಲೇಲಿ ಮಕ್ಕಳಿಗೆ ಬೇಯಿಸಿ ಹಾಕೋ ಹೊತ್ತಿಗೇ ಸೊಂಟ ಬಿದ್ದಿರುತ್ತೆ. ದೋಣೀಲಿ ಕೂತ್ರೆ ಉಪ್ಪುನೀರು, ಇಳಿದ್ರೆ ಮಳೆ. ತುಕ್ಕು ಹಿಡಿಯದ್ದು ಬೇಕು ನಂಗೆ."

"ತುಕ್ಕು ಹಿಡಿಯದ ಉಕ್ಕು ಎಲ್ಲಿದೆಯೇ? ನಿಧಾನಕ್ಕೆ ಹಿಡಿಯುತ್ತೆ, ಅಷ್ಟೇ."

ನಾನು ಕೇಳಲಿಲ್ಲ. ಸ್ಟೇನ್‌ಲೆಸ್ಸನ್ನೇ ತಂದೆ. ಮೂರು ವರ್ಷ ಹೊರಮೈಯನ್ನಷ್ಟೇ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿದ್ದೇ ಬಂತು. ತೋಟೆ ಏರಿಸಲು ಎಳೆಯುವ ಅದರ ಬೋಲ್ಟನ್ನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ.

ಆ ನವೆಂಬರಿನ ದಿನ ದೋಣಿ ಕಟ್ಟಿ ಗುಡ್ಡ ಹತ್ತಿದ ಮೇಲೆ ಅಣ್ಣ ಒಂದೇ ಗುಂಡಿಗೆ ಒಳ್ಳೆಯ ಗಂಡು ಜಿಂಕೆಯನ್ನು ಕೆಡವಿದ. ತನ್ನ ಕೋವಿಯನ್ನು ಆಲ್ಡರ್ ಪೊದೆಗೆ ಒರಗಿಸಿ, ಜಿಂಕೆಯನ್ನು ಮೂವತ್ತು ಹೆಜ್ಜೆ ಬಯಲಿಗೆ ಎಳೆದು ಹೊಟ್ಟೆ ಸೀಳತೊಡಗಿದ. ಕಾವಲು ನನ್ನದು. ನಮ್ಮ ಕಡೆಯ ಕರಡಿಗಳಿಗೆ ಕೋವಿಯ ಸದ್ದೆಂದರೆ ಊಟಕ್ಕೆ ಎಬ್ಬಿಸಿದ ಹಾಗೆ, ಅದಕ್ಕೇ ಒಬ್ಬರು ನಿಂತಿರಲೇಬೇಕು.

ಮೊದಲು ವಾಸನೆ ಬಂತು, ಕೊಳೆತ ಮೀನಿನದು. ಆಮೇಲೆ ಪೊದೆಯ ಕೊಂಬೆಗಳು ಲಟಲಟನೆ ಮುರಿದವು. ತಿರುಗಿ ನೋಡಿದರೆ ಅಣ್ಣನ ಕೋವಿಗೂ ನಮಗೂ ನಡುವೆ ಅದು ನಿಂತಿತ್ತು. ಕಿವಿಗಳನ್ನು ತಲೆಗೆ ಅಂಟಿಸಿಕೊಂಡು ನುಗ್ಗಿಯೇಬಿಟ್ಟಿತು.

ಗುರಿ ಹಿಡಿದು ಕೋವಿಯ ಕುದುರೆ ಎಳೆದೆ. 'ಟಿಕ್' ಎಂದಿತು. ಬೋಲ್ಟ್ ಎಳೆದು ಇನ್ನೊಂದು ತೋಟೆ ಏರಿಸಿದೆ. ಮತ್ತೆ 'ಟಿಕ್'.

"ಹಾರ್ತಿಲ್ಲ ಅಣ್ಣಾ!"

"ಕೇಳಿಸ್ತು. ಓಡಬೇಡ. ಓಡಿದ್ರೆ ಇಬ್ರೂ ಹೋಗ್ತೀವಿ. ನನ್ನ ಹಿಂದೆ ಬಾ."

ಐದಾರು ಮಾರು ದೂರದಲ್ಲಿ ಕರಡಿ ಗಕ್ಕನೆ ನಿಂತಿತು. ಹಲ್ಲು ಕಟಕಟಿಸುತ್ತಿತ್ತು, ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಅಣ್ಣ ರಕ್ತ ಮೆತ್ತಿದ ಕೈಗಳನ್ನು ಎರಡು ಕಡೆ ಚಾಚಿ, ಚರ್ಚಿನಲ್ಲಿ ಹಿರಿಯರ ಜೊತೆ ಮಾತಾಡುವ ದನಿಯಲ್ಲಿ ಶುರುಮಾಡಿದ. "ಮಾಂಸ ನಿಮ್ಮದೇ, ತಾತ. ನಾವು ಹೊರಟ್ವಿ. ನೋಡಿ, ಹೋಗ್ತಾ ಇದೀವಿ. ಇವಳು ನನ್ನ ತಂಗಿ, ಇವಳದ್ದೂ ಏನೂ ತಕರಾರಿಲ್ಲ."

ಒಂದೊಂದೇ ಹೆಜ್ಜೆ ಹಿಂದಿಟ್ಟೆವು. ಕಲ್ಲು ಜಾರಿದಾಗಲೆಲ್ಲ ನಾನು ಅಣ್ಣನ ಕೋಟು ಹಿಡಿದುಕೊಳ್ಳುತ್ತಿದ್ದೆ. ಕೊನೆಗೆ ಕರಡಿ ಜಿಂಕೆಯ ಕುತ್ತಿಗೆಗೆ ಬಾಯಿ ಹಾಕಿತು. ಇಳಿಜಾರು ಮುಗಿದು ಕಡಲು ಕಾಣುವವರೆಗೂ ನಾವು ಅದಕ್ಕೆ ಬೆನ್ನು ತೋರಿಸಲಿಲ್ಲ. ದೋಣಿಯ ಹಗ್ಗ ಬಿಚ್ಚಲು ನನ್ನ ಬೆರಳು ಬಗ್ಗಲಿಲ್ಲ. ಅಣ್ಣ ಚಾಕುವಿನಿಂದ ಕತ್ತರಿಸಿದ.

ಮನೆಯಲ್ಲಿ ಅವನು ನನ್ನ ಕೋವಿಯ ಬೋಲ್ಟ್ ಬಿಚ್ಚಿದ. ಮೇಜಿನ ಮೇಲೆ ಕೆಂಪು ನೀರು ಸೋರಿತು. ಹೊರಗೆಲ್ಲ ಬೆಳ್ಳಗೆ ಹೊಳೆಯುತ್ತಿದ್ದರೂ ಒಳಗಿನ ಸ್ಪ್ರಿಂಗ್ ಮಾಮೂಲಿ ಉಕ್ಕಿನದು. ತುಕ್ಕು ತಿಂದು, ತೋಟೆಗೆ ಬಡಿಯುವ ಸೂಜಿಯನ್ನು ತಳ್ಳುವ ಶಕ್ತಿಯೇ ಅದಕ್ಕಿರಲಿಲ್ಲ. ಅಣ್ಣ ಬೈಯುತ್ತಾನೆಂದು ಕಾದೆ. ಅವನು ಸ್ಪ್ರಿಂಗನ್ನು ಮೇಜಿನ ಮೇಲಿಟ್ಟು ಎದ್ದುಹೋದ.

"ಕೋವಿ ಕೊಟ್ಟು ಎರಡು ಜೀವ ತಂದಿದ್ದೀರಿ, ಲಾಭಾನೇ ಬಿಡು," ಎಂದು ಅತ್ತಿಗೆ ತೆಕ್ಲಾ ನನ್ನ ಮುಂದೆ ಚಹಾ ಇಟ್ಟಳು.

ಅಣ್ಣನ ಕೋವಿ ಪೊದೆಯಲ್ಲೇ ಉಳಿದಿತ್ತು. ತಿಂದು ಮಿಕ್ಕಿದ್ದನ್ನು ಕರಡಿ ಮಣ್ಣಲ್ಲಿ ಹೂತು ಕಾಯುತ್ತದೆ. ಅಂಥ ಕಡೆ ತಲೆ ಸರಿಯಿದ್ದವರು ಹೋಗುವುದಿಲ್ಲ. ವಾರವಿಡೀ ಮಳೆ. ರಾತ್ರಿ ಕಣ್ಣು ಮುಚ್ಚಿದರೆ ಆ 'ಟಿಕ್' ಕೇಳುತ್ತಿತ್ತು, ಒಲೆ ಹಚ್ಚಲು ಗುಂಡಿ ತಿರುಗಿಸಿದರೂ ಮೈ ಜುಮ್ಮೆನ್ನುತ್ತಿತ್ತು.

ಒಂಬತ್ತನೆಯ ದಿನ ನೆರೆಯವರ ಕೋವಿ ಎರವಲು ಪಡೆದು, ಪಾತ್ರೆ ಬಡಿಯುತ್ತ, ಕೂಗುತ್ತ ಹತ್ತಿದೆವು. ಜಿಂಕೆಯ ಜಾಗದಲ್ಲಿ ಕೆದರಿದ ಮಣ್ಣು, ನಾಲ್ಕು ಮೂಳೆ. ಕೋವಿ ಕೆಸರಿನಲ್ಲಿ ಬಿದ್ದಿತ್ತು. ನೀಲಿಗಪ್ಪು ಎಲ್ಲೂ ಕಾಣಲಿಲ್ಲ, ನಳಿಗೆಯ ತುಂಬ ಇಟ್ಟಿಗೆ ಬಣ್ಣ. ಮರದ ಹಿಡಿಯಲ್ಲಿ ನಾಲ್ಕು ಹಲ್ಲಿನ ತೂತು.

ಅಣ್ಣ ಮಂಡಿಯೂರಿ ಅದನ್ನು ಎತ್ತಿಕೊಂಡ. ಮತ್ತೆ ಮೇಲೇಳಲಿಲ್ಲ. ಅವನ ಹೆಗಲು ಅದುರುತ್ತಿತ್ತು.

"ಏನಾಯ್ತು? ಅವತ್ತು ನೀನು ಹೆದರಲೇ ಇಲ್ಲವಲ್ಲ, ಅಣ್ಣ."

"ಎರಡನೇ ಸಲ ಟಿಕ್ ಅಂತಲ್ಲ, ಆಗಲೇ ನಾನು ಸತ್ತಿದ್ದೆ ಕಣೇ. ಬಾಯಿ ಮಾತ್ರ ಮಾತಾಡ್ತಿತ್ತು."

ನಾನು ಅವನ ತೋಳು ಹಿಡಿದು ಎಬ್ಬಿಸಿದೆ. ಇಳಿಯುವಾಗ ಇಬ್ಬರೂ ದೊಡ್ಡ ದನಿಯಲ್ಲಿ ಏನೇನೋ ಹರಟಿದೆವು, ಸುಮ್ಮನಾದರೆ ಪೊದೆಗಳ ಸದ್ದು ಕೇಳಿಸೀತೆಂದು.

ಆ ನಳಿಗೆಯ ಒಳಗೆ ಗುಳಿಗಳು ಬಿದ್ದಿದ್ದವು, ಗುಂಡು ಹಾರಿಸುವಂತಿರಲಿಲ್ಲ. ಅಣ್ಣ ಹೊಸದು ಕೊಂಡ. ಈ ಸಲ ಸ್ಟೇನ್‌ಲೆಸ್. "ಒಂಬತ್ತು ದಿನ ಮಳೇಲಿ ಬಿದ್ದಿದ್ರೂ ಇದಾದ್ರೆ ಉಳೀತಿತ್ತೇನೋ," ಎಂದ. ನನ್ನದಕ್ಕೆ ಸ್ಪ್ರಿಂಗ್ ಬದಲಿಸಿ, ಬೋಲ್ಟ್ ಬಿಚ್ಚುವುದನ್ನು ಅವನೇ ಕಲಿಸಿಕೊಟ್ಟ.

ಡಿಸೆಂಬರಿನಲ್ಲಿ ಮಾಂಸ ಮುಗಿದಿತ್ತು, ಬೇಟೆಗೆ ಹೋಗಲೇಬೇಕಾಯಿತು. ಅಣ್ಣ ಕಾವಲು ನಿಂತ. ಜಿಂಕೆ ನನಗೆ ಮೂರನೆಯ ಗುಂಡಿಗೆ ಬಿತ್ತು. ಮೊದಲೆರಡು ಎಲ್ಲಿ ಹೋದವೋ ಗೊತ್ತಿಲ್ಲ. ಮತ್ತೆ 'ಟಿಕ್' ಎಂದೀತೆಂದು, ಕುದುರೆ ಎಳೆಯುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ.