ಜೇಕಿನ ಹೊಲಕ್ಕೆ ಬಂದ ಹಂದಿಗಳು

ಎರಡು ಸಾವಿರದ ಮೂರರ ದೀಪಾವಳಿಯೊಳಗೆ ಸಾವಂತ್ರೆವ್ವ ತನ್ನ ಹಂದಿಗಳನ್ನು ಸಾಗಿಸಲೇಬೇಕೆಂದು ಬೈಲಹೊಂಗಲದ ಓಣಿಯವರು ಪಟ್ಟು ಹಿಡಿದಿದ್ದರು. ಬೇರೆ ಜಾಗ ಸಿಗದಿದ್ದರೆ ಅಷ್ಟನ್ನೂ ಕಟುಕರಿಗೆ ಮಾರಬೇಕು. ಮರಿಯಿಂದ ಸಾಕಿದ ಹಿಂಡು. ಸಾವಂತ್ರೆವ್ವ ಜಾಗ ಹುಡುಕುತ್ತ ಊರ ಹೊರಗೆಲ್ಲ ಅಲೆದಳು.

ಸಂಪಗಾಂವ ದಾರಿಯ ದೇವಕ್ಕನ ಹೊಲವನ್ನು ಜೇಕು ಎಂಬ ಕಳೆ ನುಂಗಿ ಕೂತಿತ್ತು. ಕಿತ್ತರೆ ಹುಲ್ಲು ಕೈಗೆ, ಗಡ್ಡೆ ನೆಲದಲ್ಲೇ. ಸಾವಂತ್ರೆವ್ವ ಧೈರ್ಯ ಮಾಡಿ ಕೇಳಿಯೇಬಿಟ್ಟಳು:

“ಅಕ್ಕಾರ, ಗೊಬ್ಬರಕ್ಕಂತ ಹೊಲದಾಗ ಕುರಿ ತರಬಸೂದಿಲ್ಲೇನ್ರಿ? ಹಂಗ ನನ್ನ ಹಂದಿ ಬಿಡಸಿ ನೋಡ್ರಿ. ಜೇಕಿನ ಗಡ್ಡಿ ತಿಂತಾವು.”

“ಕುರಿ ಬ್ಯಾರೆ, ಹಂದಿ ಬ್ಯಾರೆ” ಎಂದ ದೇವಕ್ಕ ಹೊಲದ ಕಡೆ ನೋಡಿ ಮೆತ್ತಗಾದಳು. “ಮೂಲ್ಯಾಗಿನ ಪಟ್ಟಿ ಕೊಡತೇನಿ. ಕೆದರಿದ್ರ ಇರು, ಇಲ್ಲಂದ್ರ ಹೊಡಕೊಂಡು ಹೋಗು.”

ದೊಡ್ಡವರ ಹೊಲದಲ್ಲಿ ತನ್ನ ಹಂದಿಗಳು ಹಸಿದು ಮಾನ ಕಳೆಯಬಾರದಲ್ಲ! ಬೀಗರ ಮನೆಗೆ ಹೊರಟ ಮಕ್ಕಳಿಗೆ ಉಣಿಸಿದಂತೆ ಸಾವಂತ್ರೆವ್ವ ಖಾನಾವಳಿಯ ಮುಸುರೆಯನ್ನು ಬಕೆಟ್‌ಗಟ್ಟಲೆ ಸುರಿದಳು. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು. ಹಂದಿಗಳು ಜೇಕನ್ನು ಮೂಸಿಯೂ ನೋಡದೆ ಜಾಲಿಯ ನೆರಳಲ್ಲಿ ಗೊರಕೆ ಹೊಡೆದವು. ಮಗ್ಗುಲ ಹೊಲದ ಅಂದಾನೆಪ್ಪ ಹೊಟ್ಟೆ ಹಿಡಿದು ನಕ್ಕ.

“ನಿದ್ದಿ ಮಾಡಾಕ ಕರಕೊಂಡ ಬಂದಿಯೇನವಾ?”

“ತಪ್ಪು ನಂದ್ರಿ, ಅವುಗಳದ್ದಲ್ಲ. ನಾಳಿ ಒಂದಿನಾ ನೋಡ್ರಿ ಅಕ್ಕಾರ” ಎಂದು ಸಾವಂತ್ರೆವ್ವ ದೇವಕ್ಕನನ್ನು ಬೇಡಿಕೊಂಡಳು.

ಮರುದಿನ ಏನೂ ಹಾಕಲಿಲ್ಲ. ಹಂದಿಗಳು ಎಷ್ಟು ಕಿರುಚಾಡಿದರೂ ಮನಸ್ಸು ಗಟ್ಟಿ ಮಾಡಿದಳು. ಹಿಂಗಾರಿ ಮಳೆಗೆ ಎರೆಮಣ್ಣು ಹಸಿಯಾಗಿತ್ತು. ಮುದಿ ಹೆಣ್ಣುಹಂದಿ ಮೂತಿ ಊರಿ, ಒಂದು ಗಡ್ಡೆಯನ್ನು ಕಟಕ್ಕೆಂದು ಕಡಿಯಿತು. ಉಳಿದವು ಅದರ ಹಿಂದೆ ಬಿದ್ದವು. ಸಂಜೆಗೆ ಪಟ್ಟಿಯೆಲ್ಲ ರಂಟೆ ಹೊಡೆದು ಉತ್ತಂತಾಗಿತ್ತು.

ದೇವಕ್ಕ ಮಣ್ಣು ಕೆದಕಿ ನೋಡಿದಳು, ಗಡ್ಡೆ ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿತ್ತು. “ನಾಳಿ ಆ ಕಡೆ ಪಟ್ಟಿಗೆ ಬಿಡು ತಂಗಿ” ಎಂದಳು.

ಸಾವಂತ್ರೆವ್ವ ಹಿಗ್ಗಿದಳು, ಮರುಗಳಿಗೆಯೇ ಕುಗ್ಗಿದಳು. ಹಂದಿಗಳು ಚೆನ್ನಾಗಿ ದುಡಿದಷ್ಟೂ ಬೇಗ ಜಾಗ ಬಿಡಬೇಕಲ್ಲ!

“ಜೇಕು ಮುಗದ್ರ ನಾವೆಲ್ಲಿ ಹೋಗೂನ್ರಿ ಅಕ್ಕಾರ?”

ದೇವಕ್ಕ ಉತ್ತರಿಸುವ ಮೊದಲೇ ಬದುವಿನ ಮೇಲೆ ಅಂದಾನೆಪ್ಪ ಕೆಮ್ಮಿದ. ಈಗ ಅವನು ನಗುತ್ತಿರಲಿಲ್ಲ. “ನಿಮ್ಮದು ಆದ ಮ್ಯಾಲ ನಮ್ಮ ಹೊಲಕ್ಕೂ ಒಂದೀಟು ಕಳಸ್ರಿ.”

“ಪಾಳಿ ಹಚ್ಚು” ಎಂದಳು ದೇವಕ್ಕ. “ಮೊದಲ ಇಕಿ ಇಲ್ಲೇ ಗುಡಸಲಾ ಹಾಕಾಕ ಕಟಗಿ ತಂದ ಕೊಡು.”