ಕುದುರೆಯ ಹೊಟ್ಟೆಯ ಕೆಳಗೆ

ಕಾಲಾಳುಗಳ ಗೌರವಕ್ಕೆಂದೇ ಕಟ್ಟಿದ ಮ್ಯೂಸಿಯಂನಲ್ಲಿ ಕಾಲಾಳುಗಳ ವಿಭಾಗ ಮೂರನೇ ಮಹಡಿಯಲ್ಲಿತ್ತು. ಲಿಫ್ಟೂ ಇತ್ತು, ಗಣ್ಯರಿಗೆ. ಜೀವಮಾನವೆಲ್ಲ ನಡೆದವರಿಗೆ ಇನ್ನು ಮೂರು ಮಹಡಿ ಯಾವ ಲೆಕ್ಕ ಎಂದು ಕಟ್ಟಿದ ಮಹಾನುಭಾವರು ಅಂದುಕೊಂಡಿರಬೇಕು. ನಿವೃತ್ತ ಸಿಪಾಯಿ ಮಂಡಿ ಹಿಡಿದುಕೊಂಡು, ದೇವರಿಗೂ ಸೇನೆಗೂ ಸಮನಾಗಿ ಶಾಪ ಹಾಕುತ್ತ ಹತ್ತಿದ. ಹಿಂದೆ ಅತ್ತಿಗೆ. ಒಡಹುಟ್ಟಿದವನ ಹೆಂಡತಿಯಲ್ಲ, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನ ಹೆಂಡತಿ. ಗೆಳೆಯ ಯುದ್ಧದಿಂದ ಮರಳಲಿಲ್ಲ. ಮನೆಯಲ್ಲಿದ್ದ ಅವನ ಒಂದೇ ಒಂದು ಫೋಟೋವನ್ನು ಗೆದ್ದಲು ತಿಂದು ಹಾಕಿತ್ತು.

"ಅವರ ಮುಖಾನೇ ಮರ್ತುಹೋಗ್ತಿದೆ" ಎಂದು ಆಕೆ ಒಂದು ದಿನ ಅಂದಿದ್ದೇ ತಡ, ಈ ಪುಣ್ಯಾತ್ಮ ಮಾತು ಕೊಟ್ಟುಬಿಟ್ಟಿದ್ದ: "ಮ್ಯೂಸಿಯಂನಲ್ಲಿ ನಮ್ಮ ಪಡೆಯ ಫೋಟೋ ಹಾಕಿದಾರಂತೆ ಅತ್ತಿಗೆ. ನನ್ನ ಪಕ್ಕದಲ್ಲೇ ನಿಂತಿದ್ದ ಅವನು. ತೋರಿಸ್ತೀನಿ ಬನ್ನಿ."

ಫೋಟೋ ಇತ್ತು, ಗೋಡೆಯಷ್ಟು ದೊಡ್ಡದು. ಅದರ ತುಂಬ ಸೇನಾಪತಿ, ಸೇನಾಪತಿಯ ಹೊಟ್ಟೆ, ಸೇನಾಪತಿಯ ಕುದುರೆ. ಕೆಳಗೆ ಅವರ ಹೆಸರು, ಬಿರುದುಗಳು, ಕುದುರೆಯ ಹೆಸರು, ಕುದುರೆಯ ತಾಯಿಯ ಹೆಸರು. ಕಟ್ಟಕಡೆಗೆ, 'ಹಿನ್ನೆಲೆಯಲ್ಲಿ ಕಾಲಾಳುಗಳು'.

ಕಾಲಾಳುಗಳೆಂದರೆ ಬರೀ ಕಾಲುಗಳು. ಕುದುರೆಯ ಹೊಟ್ಟೆಯ ಕೆಳಗೆ ಬೂಟು ಹಾಕಿದ ಹತ್ತಾರು ಕಾಲುಗಳು ಸಾಲಾಗಿ ನಿಂತಿದ್ದವು. ಆಳುಗಳನ್ನು ಕುದುರೆ ನುಂಗಿತ್ತು.

ಸಿಪಾಯಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ತನ್ನ ಕಾಲು ಯಾವುದೆಂದು ಅವನಿಗೇ ತಿಳಿಯಲಿಲ್ಲ, ಇನ್ನು ಗೆಳೆಯನ ಮುಖವನ್ನು ಎಲ್ಲಿಂದ ತರುವುದು?

"ತಪ್ಪಾಯ್ತು ಅತ್ತಿಗೆ. ಸುಮ್ನೆ ನಿಮ್ಮನ್ನ ಮೆಟ್ಟಿಲು ಹತ್ತಿಸಿದೆ."

ಆಕೆ ಆಗಲೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಒಂದೊಂದೇ ಬೂಟನ್ನು ಮುಟ್ಟುತ್ತ ಹೋದ ಬೆರಳು ಕುದುರೆಯ ಹಿಂಗಾಲಿನ ಹತ್ತಿರ ನಿಂತಿತು.

"ಇದು."

"ಅದ್ಹೇಗೆ ಹೇಳ್ತೀರಿ?"

"ಎಡಪಾದ ಒಳಕ್ಕೆ ತಿರುಗಿದೆ ನೋಡಿ. ಮಗಳೂ ಹೀಗೇ ನಿಲ್ತಾಳೆ. ಎಷ್ಟು ಬೈದ್ರೂ ನೆಟ್ಟಗಾಗಲ್ಲ."

ಸಿಪಾಯಿ ಬಗ್ಗಿ ನೋಡಿದ. ಹೌದು, ಅವನದೇ! ಆ ಒಂದು ಪಾದದ ದೆಸೆಯಿಂದ ಕವಾಯತಿನಲ್ಲಿ ಇಡೀ ಸಾಲು ದಿನಾ ಬೈಸಿಕೊಳ್ಳುತ್ತಿತ್ತು. ಅವನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಅಷ್ಟರಲ್ಲಿ ಕಾವಲುಗಾರ ಧಾವಿಸಿ ಬಂದ.

"ಕೆಳಗೇನು ನೋಡ್ತೀರಮ್ಮಾ? ಮೇಲೆ ನೋಡಿ, ಸೇನಾಪತಿಗಳ ಮುಖ ಎಷ್ಟು ಚೆನ್ನಾಗಿ ಕಾಣ್ಸುತ್ತೆ!"

"ಅವರ ಮುಖ ಕಟ್ಕೊಂಡು ನನಗೇನಾಗ್ಬೇಕಪ್ಪಾ" ಎಂದಳು ಆಕೆ, ಬೆರಳು ತೆಗೆಯದೆ.